ಗೋಡೆಯ ಶೀತ ಎಲ್ಲಿಂದ ಬಂತು? ಬಣ್ಣದವರನ್ನು ಕರೆಯುವ ಮೊದಲು ಮನೆಯನ್ನು ಪರೀಕ್ಷಿಸುವ ಬಗೆ

ದಸರೆಯ ಆಸುಪಾಸಿನಲ್ಲಿ ಹಸ್ತಾ, ಚಿತ್ತಾ ಮಳೆಗಳು ಹಿಡಿದುಕೊಂಡವೆಂದರೆ ಓದುಗರಿಂದ ಬರುವ ಪ್ರಶ್ನೆ ಪ್ರತಿ ವರ್ಷವೂ ಒಂದೇ: “ಯುಗಾದಿಗಷ್ಟೇ ಬಣ್ಣ ಹೊಡೆಸಿದ್ದೆವು, ಗೋಡೆ ಮತ್ತೆ ಶೀತ ಹಿಡಿದು ಹೊಪ್ಪಳೆ ಏಳುತ್ತಿದೆ, ಈ ಸಲ ಯಾವ ವಾಟರ್‌ಪ್ರೂಫ್ ಹಚ್ಚಿಸಲಿ?” ಈ ಪ್ರಶ್ನೆಗೆ ಡಬ್ಬಿಯ ಹೆಸರು ಹೇಳಿ ಉತ್ತರ ಕೊಡಲು ಬರುವುದಿಲ್ಲ. ಗೋಡೆಯೊಳಗೆ ನೀರು ಹೊಗುವ ದಾರಿಗಳು ಹಲವು, ಒಂದೊಂದಕ್ಕೂ ಮದ್ದು ಬೇರೆ. ತಾರಸಿಯ ಮದ್ದನ್ನು ಪಾಯದಿಂದ ಏರುವ ತೇವಕ್ಕೆ ಮಾಡಿದರೆ ಹಣ ಹೋಗುತ್ತದೆ, ತೇವ ಉಳಿಯುತ್ತದೆ.

ಆದ್ದರಿಂದ ಕಲೆ ಎಲ್ಲಿದೆ ಎಂದು ಕೇಳುವುದಕ್ಕಿಂತ ಅದು ಯಾವಾಗ ಹೆಚ್ಚುತ್ತದೆ, ಯಾವಾಗ ತಗ್ಗುತ್ತದೆ ಎಂದು ಕೇಳುವುದು ಹೆಚ್ಚು ಉಪಯುಕ್ತ. ನೀರು ತಾನು ಒಳಹೊಕ್ಕ ಜಾಗದಲ್ಲಿಯೇ ಕಾಣಿಸಿಕೊಳ್ಳಬೇಕೆಂಬ ನಿಯಮವಿಲ್ಲ. ತಾರಸಿಯ ಮೂಲೆಯಲ್ಲಿ ಇಳಿದ ನೀರು ಮೋಲ್ಡಿನ, ಎಂದರೆ ಕಾಂಕ್ರೀಟ್ ಚಾವಣಿಯ, ಒಳಗಿನ ವೈರಿನ ಪೈಪನ್ನು ಹಿಡಿದು ಹತ್ತು ಅಡಿ ದೂರದ ಫ್ಯಾನಿನ ಕೊಕ್ಕೆಯಲ್ಲಿ ತೊಟ್ಟಿಕ್ಕುವುದುಂಟು. ಅದು ಬರುವ ಸಮಯ ಮಾತ್ರ ಅಷ್ಟು ಸುಲಭವಾಗಿ ದಾರಿ ತಪ್ಪಿಸುವುದಿಲ್ಲ. ಮುಂದಿನ ಹಂತಗಳೆಲ್ಲ ಈ ಒಂದು ಮಾತಿನ ಮೇಲೆ ನಿಂತಿವೆ.

ಬೇಕಾಗುವ ಸಾಮಾನು

ಪ್ರಖರವಾದ ಒಂದು ಟಾರ್ಚು, ಅಳತೆ ಟೇಪು, ಸೀಸದ ಕಡ್ಡಿ, ಸೀಮೆಸುಣ್ಣ, ಸ್ಕ್ರೂಡ್ರೈವರ್, ಒಂದು ದಪ್ಪ ನಾಣ್ಯ, ಒಂದೂವರೆ ಅಡಿ ಚದರದ ದಪ್ಪ ಪ್ಲಾಸ್ಟಿಕ್ ಹಾಳೆಗಳು ಎರಡು, ಅಂಟುಪಟ್ಟಿ, ಅಡುಗೆಯ ಬಣ್ಣ, ಮೇಸ್ತ್ರಿಗಳು ಮಟ್ಟ ನೋಡಲು ಬಳಸುವ ನೀರಿನ ಪಾರದರ್ಶಕ ಲೆವೆಲ್ ಪೈಪು, ಮತ್ತು ಒಂದು ನೋಟ್‌ಬುಕ್ಕು. ಮೊಬೈಲಿನಲ್ಲಿ ಚಿತ್ರ ತೆಗೆಯುವಾಗ ಪ್ರತಿಸಲವೂ ಅದೇ ಜಾಗದಲ್ಲಿ ನಿಂತು ತೆಗೆಯಿರಿ. ಇಲ್ಲದಿದ್ದರೆ ಹೋಲಿಸಿ ನೋಡಲು ಆಗುವುದಿಲ್ಲ.

ತೇವಮಾಪಕ ಎಂಬ ಚಿಕ್ಕ ಯಂತ್ರದ ಬಗ್ಗೆ ಅನೇಕರು ಕೇಳುತ್ತಾರೆ. ಎರಡು ಮೊನೆಗಳನ್ನು ಗೋಡೆಗೆ ಒತ್ತಿದಾಗ ಅವುಗಳ ನಡುವೆ ವಿದ್ಯುತ್ ಎಷ್ಟು ಸುಲಭವಾಗಿ ಹರಿಯುತ್ತದೆ ಎಂಬುದನ್ನು ಅಳೆದು ಅದು ಒಂದು ಅಂಕಿಯನ್ನು ತೋರಿಸುತ್ತದೆ. ಆ ಅಂಕಿಯನ್ನು ಮರಕ್ಕೆಂದು ಹೊಂದಿಸಿರುತ್ತಾರೆ, ಗಿಲಾವಿಗೆ ಅದು ನಿಜವಾದ ಶೇಕಡಾವಾರು ಅಲ್ಲ. ಅಲ್ಲದೆ ಗೋಡೆಯಲ್ಲಿ ಉಪ್ಪು ಕೂಡಿದ್ದರೂ, ಗಿಲಾವಿನ ಹಿಂದೆ ಕೋಳಿ ಜಾಲರಿ ಇದ್ದರೂ ಅಂಕಿ ಏರಿಬಿಡುತ್ತದೆ. ಇದ್ದರೆ ಬಳಸಿ, ಆದರೆ ಒಣ ಗೋಡೆಗೂ ಒದ್ದೆ ಗೋಡೆಗೂ ಇರುವ ವ್ಯತ್ಯಾಸ ನೋಡಲು ಮಾತ್ರ. ಅದಿಲ್ಲದೆಯೂ ಈ ತಪಾಸಣೆ ನಡೆಯುತ್ತದೆ.

1. ಕಾಲವನ್ನು ಆರಿಸಿಕೊಳ್ಳಿ, ದಿನಚರಿ ಬರೆಯಿರಿ

ಮೈಸೂರಿಗೆ ವರ್ಷಕ್ಕೆ ಬೀಳುವ ಮಳೆ ಸುಮಾರು 800 ಮಿಲಿಮೀಟರ್, ಮಂಡ್ಯಕ್ಕೆ ಅದಕ್ಕಿಂತ ತುಸು ಕಡಿಮೆ. ಮಲೆನಾಡಿನ ಲೆಕ್ಕದಲ್ಲಿ ಇದು ಅಲ್ಪವೇ ಆದುದರಿಂದ ನಮ್ಮ ಕಡೆ ಮನೆ ಕಟ್ಟುವಾಗ ನೀರಿನ ವಿಷಯದಲ್ಲಿ ಉದಾಸೀನ ಹೆಚ್ಚು. ಆದರೆ ಈ ಮಳೆಯ ದೊಡ್ಡ ಪಾಲು ಮೇ ತಿಂಗಳ ಗುಡುಗು ಮಳೆಯಾಗಿ ಮತ್ತು ಸೆಪ್ಟೆಂಬರ್‌–ಅಕ್ಟೋಬರ್‌ಗಳ ಸಂಜೆಯ ಜೋರು ಮಳೆಯಾಗಿ ಬೀಳುತ್ತದೆ. ತಾರಸಿ ಮತ್ತು ಹೊರಗೋಡೆಗಳನ್ನು ನೋಡಲು ಇಂಥ ಮಳೆಯ ಮರುದಿನ ಬೆಳಗ್ಗೆ ತಕ್ಕ ಸಮಯ. ಇದಕ್ಕೆ ವಿರುದ್ಧವಾಗಿ ಪೈಪಿನ ಸೋರಿಕೆಯನ್ನು ಹುಡುಕಲು ಫೆಬ್ರವರಿ, ಮಾರ್ಚ್ ತಿಂಗಳುಗಳೇ ಒಳ್ಳೆಯವು: ಆಗ ಒಣಗಿರಬೇಕಾದ ಗೋಡೆ ಒದ್ದೆಯಾಗಿದ್ದರೆ ಅದು ಮಳೆಯ ನೀರಲ್ಲ ಎಂಬುದು ತಾನಾಗಿಯೇ ಗೊತ್ತಾಗುತ್ತದೆ.

ಒದ್ದೆಯ ಅಂಚನ್ನು ಸೀಸದ ಕಡ್ಡಿಯಿಂದ ಗೆರೆ ಎಳೆದು ಪಕ್ಕದಲ್ಲಿ ತಾರೀಕು ಬರೆಯಿರಿ. ವಾರಕ್ಕೊಮ್ಮೆ ಹೊಸ ಅಂಚಿಗೆ ಹೊಸ ಗೆರೆ. ಮಳೆ ಬಂದ ದಿನ, ಬಟ್ಟೆ ಒಗೆದ ದಿನ, ಊರಿಗೆ ಹೋಗಿ ಮನೆಗೆ ಬೀಗ ಹಾಕಿದ್ದ ದಿನ, ಇವನ್ನೆಲ್ಲ ನೋಟ್‌ಬುಕ್ಕಿನಲ್ಲಿ ಗುರುತಿಸಿ. ಎರಡು ತಿಂಗಳ ಇಂಥ ದಿನಚರಿ ಯಾವ ಯಂತ್ರಕ್ಕಿಂತಲೂ ಹೆಚ್ಚು ಹೇಳುತ್ತದೆ.

ಇಲ್ಲಿ ಒಂದು ಎಚ್ಚರಿಕೆ. ಮನೆ ಹೊಸದಾಗಿದ್ದರೆ ಗಾರೆಗೂ ಕಾಂಕ್ರೀಟಿಗೂ ಬೆರೆಸಿದ ನೀರು, ಕ್ಯೂರಿಂಗಿಗೆ ಹೊಡೆದ ನೀರು ಇನ್ನೂ ಗೋಡೆಯಲ್ಲಿರುತ್ತದೆ. ಗೋಡೆಯ ದಪ್ಪದ ಒಂದು ಅಂಗುಲ ಒಣಗಲು ಸುಮಾರು ಒಂದು ತಿಂಗಳು ಬೇಕೆಂಬುದು ಒರಟು ಅಂದಾಜು. ಅಂದರೆ ಒಂಬತ್ತು ಅಂಗುಲದ ಗೋಡೆ ಗೃಹಪ್ರವೇಶವಾಗಿ ಆರು ತಿಂಗಳಿಗೆ ಇನ್ನೂ ಹಸಿಯಾಗಿದ್ದರೆ ಅದನ್ನೇ ದೋಷವೆಂದು ತೀರ್ಮಾನಿಸಬೇಡಿ.

2. ಹೊರಗಿನಿಂದ ಮನೆಯನ್ನು ಒಂದು ಸುತ್ತು ಹಾಕಿ

ಮೊದಲು ಮನೆಯ ಒಳಗಿನ ನೆಲ ರಸ್ತೆಗಿಂತ ಎಷ್ಟು ಎತ್ತರದಲ್ಲಿದೆ ಎಂಬುದನ್ನು ಲೆವೆಲ್ ಪೈಪಿನಿಂದ ನೋಡಿ. ಮೈಸೂರಿನ ಅಗ್ರಹಾರ, ಚಾಮುಂಡಿಪುರಂ, ಲಕ್ಷ್ಮೀಪುರಂನಂಥ ಹಳೆಯ ಬಡಾವಣೆಗಳಲ್ಲಿ ಹಳೆಯ ಡಾಂಬರಿನ ಮೇಲೆ ಹೊಸ ಡಾಂಬರು ಹಾಕುತ್ತಾ ಹೋದ ಕಡೆ, ಒಂದು ಕಾಲಕ್ಕೆ ಮೂರು ಮೆಟ್ಟಿಲು ಹತ್ತಿ ಹೋಗುತ್ತಿದ್ದ ಮನೆಗೆ ಈಗ ಒಂದೇ ಮೆಟ್ಟಿಲು ಉಳಿದಿರುವುದನ್ನು ಕಾಣಬಹುದು. ಪಾಯದ ಮೇಲ್ತುದಿಯಲ್ಲಿ, ಗೋಡೆ ಎಬ್ಬಿಸುವ ಮೊದಲು, ನೆಲದ ತೇವ ಮೇಲೇರದಂತೆ ಒಂದು ತಡೆಪಟ್ಟಿ ಹಾಕುತ್ತಾರೆ. ಕೆಲಸದವರು ಇದನ್ನು ಡಿಪಿಸಿ ಎನ್ನುತ್ತಾರೆ. ಹೊರಗಿನ ಮಣ್ಣು, ರಸ್ತೆ ಅಥವಾ ಸಿಮೆಂಟು ಅಂಗಳ ಈ ಪಟ್ಟಿಗಿಂತ ಮೇಲೆ ಬಂದರೆ ಪಟ್ಟಿ ಇದ್ದೂ ಇಲ್ಲದಂತೆ.

ಗೋಡೆಗೆ ಒರಗಿಸಿ ಕಟ್ಟಿದ ತುಳಸಿಕಟ್ಟೆ, ಗೋಡೆಯ ಬುಡದಲ್ಲಿಯೇ ಮಾಡಿದ ಹೂವಿನ ಪಾತಿ, ಕಾಂಪೌಂಡಿಗೆ ಹೊಂದಿಸಿ ಸುರಿದ ಮಣ್ಣು ಇವೆಲ್ಲ ಇದೇ ಕೆಲಸ ಮಾಡುತ್ತವೆ. ದಿನವೂ ನೀರು ಕಾಣುವ ತುಳಸಿಕಟ್ಟೆಯ ಹಿಂದಿನ ಗೋಡೆ ಒಳಗಿನಿಂದ ಹೇಗಿದೆ ಎಂಬುದನ್ನು ಮರೆಯದೆ ನೋಡಿ. ಬೆಳಗ್ಗೆ ನೀರು ಹಾಕಿ ರಂಗೋಲಿ ಬಿಡುವ ಹೊಸ್ತಿಲ ಮುಂದಿನ ನೆಲಕ್ಕೆ ಹೊರಮುಖವಾಗಿ ವಾಟ, ಎಂದರೆ ನೀರು ಹರಿದುಹೋಗುವ ಇಳಿಜಾರು, ಇದೆಯೇ ಎಂಬುದನ್ನೂ ಒಂದು ಚೊಂಬು ನೀರು ಸುರಿದು ಪರೀಕ್ಷಿಸಿ.

ಇಪ್ಪತ್ತು–ಮೂವತ್ತರ ನಿವೇಶನಗಳಲ್ಲಿ ಇನ್ನೊಂದು ತೊಡಕಿದೆ. ಪಕ್ಕದ ಮನೆಗೂ ನಿಮ್ಮ ಮನೆಗೂ ನಡುವೆ ಕೈ ತೂರದಷ್ಟು ಸಂದಿಯಿದ್ದರೆ ಆ ಬದಿಯ ಗೋಡೆಗೆ ಹೊರಗಿನಿಂದ ಗಿಲಾವೇ ಆಗಿರುವುದಿಲ್ಲ. ಆ ಸಂದಿಗೆ ಎರಡೂ ತಾರಸಿಗಳ ನೀರು ಇಳಿಯುತ್ತಿರಬಹುದು. ಟಾರ್ಚನ್ನು ಮೇಲಿನಿಂದ ಬಿಟ್ಟು ನೋಡಿ. ಪಾಚಿಯ ಹಸಿರು ಪಟ್ಟೆ ಕಂಡರೆ ನೀರಿನ ದಾರಿ ಸಿಕ್ಕಿದಂತೆ.

3. ತಾರಸಿಯನ್ನು ನಿಧಾನವಾಗಿ ನೋಡಿ

ಮಳೆ ನಿಂತ ಮರುದಿನ ತಾರಸಿಗೆ ಹೋಗಿ, ನೀರು ನಿಂತಿರುವ ಕಡೆಗಳನ್ನೆಲ್ಲ ಸೀಮೆಸುಣ್ಣದಿಂದ ಸುತ್ತುಗಟ್ಟಿ. ನೀರು ಆರಿಹೋಗಿದ್ದರೂ ಕಪ್ಪು ಧೂಳಿನ ಉಂಗುರ ಅದು ನಿಂತಿದ್ದ ಜಾಗವನ್ನು ಹೇಳುತ್ತದೆ. ಆಮೇಲೆ ಮಳೆನೀರಿನ ಕೊಳವೆಯ ಬಾಯಿಯನ್ನು ನೋಡಿ: ಎಲೆ, ಕಸ ಕಟ್ಟಿಕೊಂಡಿರುವುದು ಸಾಮಾನ್ಯ ದೋಷ, ಆದರೆ ಬಾಯಿಯೇ ಸುತ್ತಲಿನ ನೆಲಕ್ಕಿಂತ ಅರ್ಧ ಅಂಗುಲ ಎತ್ತರದಲ್ಲಿ ಕೂತಿರುವುದು ಕಟ್ಟಿದವರ ದೋಷ, ಮತ್ತು ಅದು ಅಪರೂಪವೇನಲ್ಲ.

ಪ್ಯಾರಾಪೆಟ್ ಗೋಡೆಯೂ ತಾರಸಿಯ ನೆಲವೂ ಕೂಡುವ ಮೂಲೆ ಅತ್ಯಂತ ದುರ್ಬಲವಾದ ಜಾಗ. ಬಿಸಿಲಿಗೆ ಮೋಲ್ಡು ಹಿಗ್ಗುತ್ತದೆ, ರಾತ್ರಿ ಕುಗ್ಗುತ್ತದೆ, ಅದರ ಮೇಲೆ ಕೂತ ಗೋಡೆ ಅಷ್ಟೇ ಪ್ರಮಾಣದಲ್ಲಿ ಚಲಿಸುವುದಿಲ್ಲ. ಹೀಗಾಗಿ ಅಲ್ಲಿ ಕೂದಲೆಳೆಯ ಬಿರುಕು ಬಿಡುತ್ತದೆ. ಮೂಲೆಯನ್ನು ಗಾರೆಯಿಂದ ಗುಂಡಗೆ ತುಂಬಿಸಿದ್ದಾರೆಯೇ, ಅದು ಗೋಡೆಯಿಂದ ಬಿಟ್ಟುಕೊಂಡಿದೆಯೇ ಎಂಬುದನ್ನು ಸ್ಕ್ರೂಡ್ರೈವರಿನ ಮೊನೆಯಿಂದ ಕೆದಕಿ ನೋಡಿ. ಟ್ಯಾಂಕಿನ ಕಾಲುಗಳು, ಸೋಲಾರ್ ಹೀಟರಿನ ಚೌಕಟ್ಟು, ಕೇಬಲ್‌ಗಾಗಿ ಹೊಡೆದ ಮೊಳೆ ಇವುಗಳ ಬುಡವನ್ನೂ ಬಿಡಬೇಡಿ. ಒಳ್ಳೆಯ ತಾರಸಿಯನ್ನು ಮೊಳೆ ಹೊಡೆದು ಕೆಡಿಸಿದ ಮನೆಗಳನ್ನು ನಾನು ಸಾಕಷ್ಟು ನೋಡಿದ್ದೇನೆ.

ಇಷ್ಟಾದರೂ ಸೋರುವ ಜಾಗ ಸಿಕ್ಕದಿದ್ದರೆ ನೀರು ಕಟ್ಟುವ ಪರೀಕ್ಷೆ ಮಾಡಬಹುದು. ಕೊಳವೆಯ ಬಾಯಿ ಮುಚ್ಚಿ, ತಾರಸಿಯನ್ನು ಗಾರೆಯ ಚಿಕ್ಕ ಏರಿಗಳಿಂದ ಭಾಗ ಮಾಡಿಕೊಂಡು, ಒಂದೊಂದು ಭಾಗದಲ್ಲಿ ಒಂದು ಅಂಗುಲದಷ್ಟು ನೀರನ್ನು 24ರಿಂದ 48 ಗಂಟೆ ನಿಲ್ಲಿಸಿ ಕೆಳಗಿನಿಂದ ಗಮನಿಸುವುದೇ ಈ ಪರೀಕ್ಷೆ. ಒಮ್ಮೆಗೇ ಇಡೀ ತಾರಸಿಗೆ ನೀರು ಕಟ್ಟುವುದು ತಪ್ಪು, ಏಕೆಂದರೆ ಸೋರಿದರೂ ಯಾವ ಭಾಗದಿಂದ ಎಂದು ತಿಳಿಯುವುದಿಲ್ಲ. ಭಾರದ ಲೆಕ್ಕವನ್ನೂ ನೆನಪಿಡಿ: ಒಂದು ಚದರ ಮೀಟರಿನ ಮೇಲೆ 5 ಸೆಂಟಿಮೀಟರ್ ನೀರು ನಿಂತರೆ 50 ಕಿಲೋ ತೂಕ. ಸಾವಿರ ಚದರಡಿಯ ತಾರಸಿಗೆ ಅದು ನಾಲ್ಕೂವರೆ ಟನ್ನನ್ನು ಮೀರುತ್ತದೆ. ಮೋಲ್ಡು ಜೋತುಬಿದ್ದಿದ್ದರೆ, ಕಂಬಿ ಹೊರಗೆ ಕಾಣುತ್ತಿದ್ದರೆ ಈ ಪರೀಕ್ಷೆಗೆ ಕೈ ಹಾಕಲೇಬೇಡಿ.

ಮದ್ರಾಸ್ ತಾರಸಿಗಂತೂ ಇದು ಸಲ್ಲದು. ಮರದ ತೊಲೆಗಳ ಮೇಲೆ ತೆಳು ಇಟ್ಟಿಗೆಗಳನ್ನು ಅಂಚಿನ ಮೇಲೆ ನಿಲ್ಲಿಸಿ ಸುಣ್ಣದ ಗಾರೆಯಲ್ಲಿ ಕೂರಿಸಿ, ಮೇಲೆ ಇಟ್ಟಿಗೆ ಚೂರು ಮತ್ತು ಸುಣ್ಣದ ಹಾಸನ್ನು ಬಡಿದು ಮಾಡಿದ ಹಳೆಯ ಕಾಲದ ಚಾವಣಿಯಿದು. ಅಲ್ಲಿ ನೋಡಬೇಕಾದದ್ದು ತೊಲೆಯ ತುದಿಗಳನ್ನು. ಗೋಡೆಯೊಳಗೆ ಹುಗಿದ ತುದಿಗೆ ಗಾಳಿಯಾಡುವುದಿಲ್ಲ, ತೇವ ಆರುವುದಿಲ್ಲ, ಕೊಳೆಯುವುದು ಅಲ್ಲಿಂದಲೇ. ಗೋಡೆಯ ಪಕ್ಕದಲ್ಲಿ ಮರಕ್ಕೆ ಸ್ಕ್ರೂಡ್ರೈವರ್ ಒತ್ತಿದಾಗ ಬೆಣ್ಣೆಗೆ ಹೋದಂತೆ ಹೋದರೆ ಆ ಕೋಣೆಯಲ್ಲಿ ಮಲಗುವುದನ್ನು ನಿಲ್ಲಿಸಿ ಎಂಜಿನಿಯರನ್ನು ಕರೆಸಿ.

ಮಂಗಳೂರು ಹೆಂಚಿನ ಮನೆಯಾದರೆ ಕೆಲಸ ಸುಲಭ. ಮಧ್ಯಾಹ್ನ ಹನ್ನೆರಡರ ಬಿಸಿಲಿನಲ್ಲಿ ದೀಪವಾರಿಸಿ, ಬಾಗಿಲು ಕಿಟಕಿ ಮುಚ್ಚಿ ಮೇಲೆ ನೋಡಿ. ಬೆಳಕು ತೂರುವ ಜಾಗಗಳಲ್ಲಿ ನೀರೂ ತೂರುತ್ತದೆ. ಎರಡು ಇಳಿಜಾರುಗಳು ಕೂಡುವ ತಗಡಿನ ದೋಣಿ ತುಕ್ಕು ತಿಂದಿದೆಯೇ, ರೀಪು ಬಾಗಿದೆಯೇ ಎಂಬುದಷ್ಟೇ ಉಳಿದದ್ದು.

4. ಹೊರಗೋಡೆ, ಕಿಟಕಿ, ಬಿರುಕು

ಮುಂಗಾರಿನ ಗಾಳಿ ಪಶ್ಚಿಮ, ನೈರುತ್ಯಗಳಿಂದ ಬರುವುದರಿಂದ ಇರಚಲು ಹೊಡೆಯುವುದು ಹೆಚ್ಚಾಗಿ ಆ ಕಡೆಯ ಗೋಡೆಗಳಿಗೆ. ಆರು ಅಂಗುಲದ ಸಿಮೆಂಟ್ ಬ್ಲಾಕಿನ ಗೋಡೆ ಆ ದಿಕ್ಕಿಗಿದ್ದರೆ ಅದನ್ನು ಮೊದಲು ನೋಡಿ. ಸಜ್ಜೆಯ ಕೆಳಗಿನ ಅಂಚಿನಲ್ಲಿ, ನೀರು ಹಿಂದಕ್ಕೆ ಹರಿದು ಗೋಡೆ ಸೇರದಂತೆ ಒಂದು ಗಾಡಿ, ಎಂದರೆ ಉದ್ದ ಗೀರು, ಇರಬೇಕು. ಕಿಟಕಿಯ ಕೆಳಗಿನ ಕಲ್ಲು ಹೊರಕ್ಕೆ ಇಳಿಜಾರಾಗಿರಬೇಕು. ಇವೆರಡೂ ಇಲ್ಲದ ಕಿಟಕಿಯ ಕೆಳಮೂಲೆಗಳಲ್ಲಿ ಒಳಗಡೆ ಕಣ್ಣೀರಿನ ಗೆರೆಗಳಂತೆ ಕಲೆ ಇಳಿದಿರುತ್ತದೆ.

ಬಿರುಕುಗಳೆಲ್ಲ ಒಂದೇ ಅಲ್ಲ. ಗಿಲಾವಿನ ಮೇಲೆ ಜೇಡರ ಬಲೆಯಂತೆ ಹರಡಿದ ಕೂದಲೆಳೆ ಬಿರುಕು ಹೆಚ್ಚಾಗಿ ಗಾರೆ ಬೇಗ ಒಣಗಿದ್ದರಿಂದ ಆದದ್ದು. ಕಂಬವೂ ಗೋಡೆಯೂ ಕೂಡುವಲ್ಲಿ ನೆಟ್ಟಗೆ ಇಳಿದ ಬಿರುಕು ಅಲ್ಲಿ ಕೋಳಿ ಜಾಲರಿ ಹಾಕದೆ ಗಿಲಾವು ಮಾಡಿದ್ದರ ಗುರುತು. ಮೋಲ್ಡಿನ ಕೆಳಗೆ ಅಡ್ಡಲಾಗಿ ಹೋಗುವ ಬಿರುಕು ಬಿಸಿಲಿನ ಹಿಗ್ಗಿನಿಂದ ಆಗುವಂಥದ್ದು. ಇವು ನೀರಿಗೆ ದಾರಿಯಾಗುತ್ತವೆ, ಆದರೆ ಮನೆ ಬೀಳಿಸುವುದಿಲ್ಲ. ಇಟ್ಟಿಗೆಯ ಸಾಲುಗಳನ್ನು ಮೆಟ್ಟಿಲಿನಂತೆ ಹತ್ತುತ್ತಾ ಓರೆಯಾಗಿ ಹೋಗುವ, 5 ಮಿಲಿಮೀಟರಿಗಿಂತ ಅಗಲವಾದ ಬಿರುಕು ಬೇರೆ ಜಾತಿಯದು. ಪಾಯ ಒಂದು ಕಡೆ ಕುಸಿಯುತ್ತಿರುವ ಸಂಶಯ ಅಲ್ಲಿ ಬರಬೇಕು. ಎರಡೂ ತುದಿಗಳಿಗೆ ಅಡ್ಡಗೆರೆ ಹಾಕಿ ತಾರೀಕು ಬರೆದು ಮೂರು ತಿಂಗಳು ಬಿಟ್ಟು ನೋಡಿ. ಗೆರೆ ದಾಟಿ ಬೆಳೆದಿದ್ದರೆ ಮೇಸ್ತ್ರಿಯ ಪುಟ್ಟಿ ಸಾಲದು, ಎಂಜಿನಿಯರ್ ಬೇಕು. ಕಪ್ಪು ಮಣ್ಣಿನ ಮೇಲೆ ಕಟ್ಟಿದ ಮನೆಗಳಲ್ಲಿ ಬೇಸಿಗೆಗೆ ಬಾಯಿ ತೆರೆದು ಮಳೆಗಾಲಕ್ಕೆ ಮುಚ್ಚಿಕೊಳ್ಳುವ ಬಿರುಕುಗಳೂ ಇವೆ. ಅಲ್ಲಿ ಒಂದು ಪೂರ್ತಿ ವರ್ಷದ ದಾಖಲೆ ಬೇಕಾಗುತ್ತದೆ.

5. ಗೋಡೆಯ ಬುಡ: ಮೇಲೇರುವ ತೇವ

ದೀಪದ ಬತ್ತಿ ಎಣ್ಣೆಯನ್ನು ಎಳೆದುಕೊಳ್ಳುವಂತೆ ಇಟ್ಟಿಗೆ ಮತ್ತು ಗಾರೆ ನೆಲದ ನೀರನ್ನು ಮೇಲೆಳೆದುಕೊಳ್ಳುತ್ತವೆ. ಹೀಗೆ ಏರಿದ ತೇವ ಸಾಮಾನ್ಯವಾಗಿ ಮೂರು, ಮೂರೂವರೆ ಅಡಿಯವರೆಗೆ ಬಂದು ನಿಲ್ಲುತ್ತದೆ, ಮತ್ತು ಅದರ ಮೇಲಂಚು ಗೋಡೆಯುದ್ದಕ್ಕೂ ಹೆಚ್ಚುಕಡಿಮೆ ಒಂದೇ ಎತ್ತರದ ಅಲೆಯಂತಿರುತ್ತದೆ. ನೀರಿನ ಜೊತೆ ಬಂದ ಲವಣಗಳು ನೀರು ಆರಿದ ಮೇಲೆ ಬಿಳಿ ಹೂವಿನಂತೆ ಅರಳಿ, ಬಣ್ಣವನ್ನೂ ಗಿಲಾವನ್ನೂ ಪುಡಿ ಮಾಡಿ ಉದುರಿಸುತ್ತವೆ. ಈ ಬಿಳಿಯನ್ನು ಬೂಷ್ಟು ಎಂದು ತಿಳಿದು ಬ್ಲೀಚಿಂಗ್ ಪುಡಿ ಹಾಕಿ ತಿಕ್ಕುವವರಿದ್ದಾರೆ. ಎರಡು ಹನಿ ನೀರು ಹಾಕಿ: ಲವಣವಾದರೆ ಕರಗುತ್ತದೆ, ಬೂಷ್ಟು ಕರಗುವುದಿಲ್ಲ.

ಮಂಡ್ಯದ ಕಡೆಯ ಓದುಗರಿಗೆ ಇಲ್ಲಿ ಒಂದು ವಿಶೇಷ ಸೂಚನೆ ಅಗತ್ಯ. ಕೃಷ್ಣರಾಜಸಾಗರದಿಂದ ಬರುವ ವಿಶ್ವೇಶ್ವರಯ್ಯ ನಾಲೆಯ ಅಚ್ಚುಕಟ್ಟಿನಲ್ಲಿ, ಒಂದು ಕಾಲಕ್ಕೆ ಭತ್ತದ ಗದ್ದೆಯಾಗಿದ್ದ ಬಯಲುಗಳು ಈಗ ಬಡಾವಣೆಗಳಾಗಿವೆ. ನಾಲೆಗೆ ನೀರು ಬಿಟ್ಟು ಸುತ್ತಲಿನ ಗದ್ದೆಗಳು ತುಂಬಿದಾಗ ಅಂಥ ಜಾಗಗಳಲ್ಲಿ ನೆಲದೊಳಗಿನ ನೀರು ಪಾಯದ ಹತ್ತಿರಕ್ಕೆ ಏರುತ್ತದೆ, ನಾಲೆ ನಿಲ್ಲಿಸಿದ ಮೇಲೆ ಇಳಿಯುತ್ತದೆ. ಆದುದರಿಂದ ಬೇಸಿಗೆಯಲ್ಲಿ ಮನೆ ನೋಡಿ ಗೋಡೆ ಒಣಗಿದೆ ಎಂದು ಮುಂಗಡ ಕೊಟ್ಟವರು ನಾಲೆಗೆ ನೀರು ಬಂದ ತಿಂಗಳಲ್ಲಿ ಕಣ್ಣು ಬಿಡುವಂತಾಗುತ್ತದೆ. ನೆರೆಯವರನ್ನು “ಮಳೆ ಬಂದಾಗ ಶೀತ ಏರುತ್ತದೆಯೇ” ಎಂದು ಕೇಳುವ ಬದಲು “ನಾಲೆಗೆ ನೀರು ಬಿಟ್ಟಾಗ ನಿಮ್ಮ ಸಂಪಿನ ಗುಂಡಿಯ ಸುತ್ತ ಏನಾಗುತ್ತದೆ” ಎಂದು ಕೇಳಿ ನೋಡಿ, ಉತ್ತರ ಸ್ಪಷ್ಟವಾಗಿ ಬರುತ್ತದೆ.

ನೆಲ ಒದ್ದೆಯಾಗುವುದು ಕೆಳಗಿನ ತೇವದಿಂದಲೋ ಗಾಳಿಯ ತೇವದಿಂದಲೋ ಎಂಬುದನ್ನು ತಿಳಿಯಲು ಪ್ಲಾಸ್ಟಿಕ್ ಹಾಳೆಯನ್ನು ನೆಲಕ್ಕೆ ಹಾಸಿ ನಾಲ್ಕೂ ಅಂಚುಗಳನ್ನು ಅಂಟುಪಟ್ಟಿಯಿಂದ ಮುಚ್ಚಿ, ಕನಿಷ್ಠ 16 ಗಂಟೆ ಬಿಡಿ. ಹಾಳೆಯ ಅಡಿಯಲ್ಲಿ ಹನಿ ಕೂತಿದ್ದರೆ ನೀರು ನೆಲದಿಂದ ಬರುತ್ತಿದೆ, ಮೇಲ್ಭಾಗದಲ್ಲಿ ಕೂತಿದ್ದರೆ ಗಾಳಿಯಿಂದ. ಗಾರೆಯ ಅಥವಾ ರೆಡ್ ಆಕ್ಸೈಡಿನ ನೆಲಕ್ಕೆ ಈ ಪರೀಕ್ಷೆ ಚೆನ್ನಾಗಿ ಹೊಂದುತ್ತದೆ. ಹೊಳಪಿನ ಟೈಲ್ಸ್ ನೆಲದಲ್ಲಿ ತೇವ ಬಿಲ್ಲೆಗಳ ನಡುವಿನ ಸಂದಿಯಿಂದ ಮಾತ್ರ ಬರುವುದರಿಂದ ಹಾಳೆಯನ್ನು ಸಂದಿಗಳ ಮೇಲೆ ಬರುವಂತೆ ಹಾಸಬೇಕು.

ಇಲ್ಲಿ ಎಲ್ಲರೂ ಮಾಡುವ ತಪ್ಪೆಂದರೆ ಮಣ್ಣಿನ ಅಥವಾ ಸುಣ್ಣದ ಗಾರೆಯ ಹಳೆಯ ಗೋಡೆಯ ಬುಡಕ್ಕೆ ಗಟ್ಟಿ ಸಿಮೆಂಟಿನ ಗಿಲಾವು ಮಾಡಿಸಿ, ಮೇಲೆ ಟೈಲ್ಸ್ ಕೂರಿಸುವುದು. ನೀರು ಆರಿಹೋಗುತ್ತಿದ್ದ ಬಾಗಿಲನ್ನು ಮುಚ್ಚಿದಂತಾಗಿ, ಮೂರಡಿಗೆ ನಿಲ್ಲುತ್ತಿದ್ದ ತೇವ ಟೈಲ್ಸಿನ ಮೇಲಂಚಿನಿಂದ ಇಣುಕುತ್ತದೆ. ಮಾರುವವರು ಹಾಕಿಸಿದ ಹೊಸ ಟೈಲ್ಸ್ ಪಟ್ಟಿ ಮನೆಯ ಒಂದೇ ಗೋಡೆಗಿದ್ದರೆ ಅದರ ಕಾರಣವನ್ನು ವಿಚಾರಿಸಿ.

6. ಬಚ್ಚಲು, ಪೈಪು, ಸಂಪು

ಮಹಡಿಯ ಬಚ್ಚಲಿನ ಮೋಲ್ಡನ್ನು ಸುತ್ತಲಿನ ಮೋಲ್ಡಿಗಿಂತ ತಗ್ಗಿಸಿ, ಅಲ್ಲಿ ಪೈಪು ಹಾಸಿ ಇಟ್ಟಿಗೆ ಚೂರು ತುಂಬಿ ಮೇಲೆ ನೆಲ ಮಾಡಿರುತ್ತಾರೆ. ಸಂಕನ್ ಸ್ಲ್ಯಾಬ್ ಎನ್ನುವುದು ಇದನ್ನೇ. ಈ ತಗ್ಗು ಒಂದು ಗುಪ್ತ ತೊಟ್ಟಿ. ಬಚ್ಚಲು ಬಳಸುವುದನ್ನು ನಿಲ್ಲಿಸಿದ ಮೇಲೂ ಹಲವು ದಿನ ಕೆಳಗೆ ತೊಟ್ಟಿಕ್ಕಬಹುದು, ಅದನ್ನು ನೋಡಿ “ಬಚ್ಚಲಿನದಲ್ಲ” ಎಂದು ತೀರ್ಪು ಕೊಡಬೇಡಿ.

ಬಳಸಲಿ ಬಿಡಲಿ, ತೇವ ಸದಾ ಒಂದೇ ಸಮನಿದ್ದರೆ ಸಂಶಯ ಒತ್ತಡದಲ್ಲಿರುವ ನೀರಿನ ಪೈಪಿನ ಮೇಲೆ. ಸ್ನಾನದ ನಂತರ ಹೆಚ್ಚಿದರೆ ನೆಲದ ಸಂದಿ ಅಥವಾ ಹೊರಹೋಗುವ ಪೈಪಿನ ಮೇಲೆ. ಇವೆರಡನ್ನು ಬೇರ್ಪಡಿಸಲು ಮೊದಲ ದಿನ ಬಣ್ಣ ಬೆರೆಸಿದ ನೀರನ್ನು ನೆಲಕ್ಕೆ ತಾಗದಂತೆ ನೇರವಾಗಿ ನಹಾನಿ ಟ್ರ್ಯಾಪಿಗೆ, ಎಂದರೆ ಬಚ್ಚಲ ನೀರು ಹೊರಹೋಗುವ ಬಟ್ಟಲಿಗೆ, ಸುರಿಯಿರಿ. ಕೆಳಗೆ ಏನೂ ಕಾಣದಿದ್ದರೆ ಎರಡು ಮೂರು ದಿನ ಬಿಟ್ಟು, ಟ್ರ್ಯಾಪಿನ ಬಾಯಿ ಮುಚ್ಚಿ ನೆಲದ ಮೇಲೆ ಒಂದು ಅಂಗುಲ ಬಣ್ಣದ ನೀರನ್ನು 24 ಗಂಟೆ ನಿಲ್ಲಿಸಿ. ಕ್ರಮ ತಪ್ಪಿಸಿದರೆ ಪರೀಕ್ಷೆ ವ್ಯರ್ಥ.

ರಾತ್ರಿ ಸಂಪಿನೊಳಗೆ ನೀರು ಬರುವ ವಾಲ್ವು ಮುಚ್ಚಿ, ಮೋಟಾರು ನಿಲ್ಲಿಸಿ, ನೀರಿನ ಮಟ್ಟವನ್ನು ಗೋಡೆಯ ಮೇಲೆ ಗುರುತಿಸಿ ಮುಚ್ಚಳ ಹಾಕಿ. ಆರಡಿ ಚದರದ ಸಂಪಿನಲ್ಲಿ ಬೆಳಗ್ಗೆ ಒಂದು ಸೆಂಟಿಮೀಟರ್ ಇಳಿದಿದ್ದರೆ ಸುಮಾರು 33 ಲೀಟರ್ ನೀರು ನಿಮ್ಮ ಪಾಯದ ಪಕ್ಕಕ್ಕೆ ಹೋಗಿದೆ ಎಂದರ್ಥ. ಮಟ್ಟ ಏರಿದ್ದರೆ ಇನ್ನೂ ಕೆಟ್ಟದ್ದು: ಹೊರಗಿನ ನೀರು, ಒಮ್ಮೊಮ್ಮೆ ಚರಂಡಿಯ ನೀರು, ಒಳಗೆ ಬರುತ್ತಿದೆ. ಆ ನೀರನ್ನು ಕುಡಿಯಲು ಬಳಸುವುದನ್ನು ಕೂಡಲೇ ನಿಲ್ಲಿಸಿ. ಸಂಪಿನೊಳಗೆ ಒಬ್ಬರೇ ಇಳಿಯಬಾರದು. ಬಹುಕಾಲ ಮುಚ್ಚಿದ್ದ ಸಂಪಿನಲ್ಲಿ ಉಸಿರಾಡುವ ಗಾಳಿ ಇಲ್ಲದಿರಬಹುದು.

7. ಬೂಷ್ಟು

ಬೀರುವಿನ ಹಿಂದೆ, ಅಡುಗೆಮನೆಯ ಮೂಲೆಯಲ್ಲಿ, ಕಿಟಕಿ ತೆರೆಯದ ಕೋಣೆಯಲ್ಲಿ ಕಪ್ಪು ಚುಕ್ಕೆಗಳಾಗಿ ಬರುವ ಬೂಷ್ಟಿಗೆ ಸೋರಿಕೆಯೇ ಕಾರಣವಾಗಬೇಕಿಲ್ಲ. ಉಸಿರಿನ, ಅಡುಗೆಯ, ಒಳಗೆ ಒಣಹಾಕಿದ ಬಟ್ಟೆಯ ಆವಿ ತಣ್ಣನೆಯ ಗೋಡೆಗೆ ತಗುಲಿ ನೀರಾಗುತ್ತದೆ. ಬೀರುವನ್ನು ಗೋಡೆಯಿಂದ ಒಂದು ಗೇಣು ಮುಂದಕ್ಕೆ ಸರಿಸಿ, ತಿಂಗಳು ಕಿಟಕಿ ತೆರೆದಿಟ್ಟು ನೋಡಿ. ಕೆರೆಯುವಾಗ ಮೂಗಿಗೆ ಬಟ್ಟೆ ಅಥವಾ ಮಾಸ್ಕ್ ಇರಲಿ. ಮನೆಯಲ್ಲಿ ಉಬ್ಬಸದವರಿದ್ದರೆ ಅವರನ್ನು ಆಚೆ ಕಳುಹಿಸಿ.

8. ನೀರು ಏನೇನನ್ನು ಕೆಡಿಸಿದೆ?

ಮೋಲ್ಡಿನ ಅಡಿಯನ್ನು ನಾಣ್ಯದಿಂದ ಅಲ್ಲಲ್ಲಿ ತಟ್ಟಿ. ಗಟ್ಟಿ ಸದ್ದಿನ ನಡುವೆ ಟೊಳ್ಳು ಸದ್ದು ಬಂದರೆ, ಕಂದು ಕಲೆ ಗೆರೆಯಾಗಿ ಕಂಡರೆ, ಒಳಗಿನ ಕಂಬಿ ತುಕ್ಕು ಹಿಡಿದಿದೆ. ತುಕ್ಕು ಮೂಲ ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಬೇಡುವುದರಿಂದ ಕಾಂಕ್ರೀಟನ್ನು ಒಡೆದು ಚಕ್ಕೆಯಾಗಿ ಬೀಳಿಸುತ್ತದೆ. ಮೋಲ್ಡಿನಲ್ಲಿ ಕಂಬಿಯ ಕೆಳಗೆ ಕನಿಷ್ಠ 20 ಮಿಲಿಮೀಟರ್ ಕಾಂಕ್ರೀಟ್ ಹೊದಿಕೆ ಇರಬೇಕೆಂದು ಭಾರತೀಯ ಮಾನಕ ಐಎಸ್ 456 ಹೇಳುತ್ತದೆ. ಉದುರಿದ ಜಾಗದಲ್ಲಿ ಅಳೆದರೆ ಎಷ್ಟೋ ಮನೆಗಳಲ್ಲಿ ಅದರ ಅರ್ಧವೂ ಸಿಗುವುದಿಲ್ಲ. ಇದಕ್ಕೆ ಕೆಳಗಿನಿಂದ ಗಾರೆ ಮೆತ್ತಿಸುವುದು ಪರಿಹಾರವಲ್ಲ. ಮೆತ್ತಿದ್ದು ಒಂದು ದಿನ ತಲೆಯ ಮೇಲೆ ಬೀಳುತ್ತದೆ.

ಬಾಗಿಲ ಚೌಕಟ್ಟಿನ ಕೆಳಗಿನ ಒಂದಡಿಯನ್ನು ಸ್ಕ್ರೂಡ್ರೈವರಿನಿಂದ ಒತ್ತಿ ನೋಡಿ, ಗೆದ್ದಲಿನ ಮಣ್ಣಿನ ಸಾಲನ್ನು ಹುಡುಕಿ. ಸ್ವಿಚ್ ಬೋರ್ಡಿನ ಸುತ್ತ ತೇವವಿದ್ದರೆ ಮುಟ್ಟಬೇಡಿ. ಮೇನ್ ಸ್ವಿಚ್ ಆರಿಸಿ ಎಲೆಕ್ಟ್ರಿಷಿಯನ್ ಬರುವವರೆಗೆ ಹಾಗೆಯೇ ಬಿಡಿ. ಮಳೆ ಬಂದ ದಿನವೇ ಸೋರು ವಿದ್ಯುತ್ತನ್ನು ತಡೆಯುವ ಸ್ವಿಚ್ಚು, ಅಂಗಡಿಯವರು ಆರ್‌ಸಿಸಿಬಿ ಎನ್ನುವುದು, ಬೀಳುತ್ತಿದ್ದರೆ ಅದು ಕೆಟ್ಟಿದೆಯೆಂದು ತೆಗೆಸಬೇಡಿ. ಅದು ತನ್ನ ಕೆಲಸ ಮಾಡುತ್ತಿದೆ.

9. ನಕ್ಷೆ ಬರೆದ ಮೇಲೆಯೇ ಕೆಲಸದವರನ್ನು ಕರೆಯಿರಿ

ಮನೆಯ ಒಂದು ಒರಟು ನಕ್ಷೆಯಲ್ಲಿ ಕಲೆಗಳನ್ನೂ ಬಚ್ಚಲು, ಪೈಪು, ಕೊಳವೆ, ಟ್ಯಾಂಕುಗಳನ್ನೂ ಗುರುತಿಸಿ, ಪಕ್ಕದಲ್ಲಿ ದಿನಚರಿಯ ತಾರೀಕುಗಳನ್ನು ಬರೆಯಿರಿ. ಕೆಲಸದ ಕ್ರಮ ಹೀಗಿರಲಿ: ಮೊದಲು ನೀರಿನ ದಾರಿ ಮುಚ್ಚಿಸಿ, ಆಮೇಲೆ ಸತ್ತ ಗಿಲಾವನ್ನು ಒದ್ದೆಯ ಗೆರೆಗಿಂತ ಒಂದಡಿ ಮೇಲಿನವರೆಗೆ ಕೆತ್ತಿಸಿ, ಗೋಡೆಯನ್ನು ಒಣಗಲು ಬಿಡಿ, ಕೊನೆಗೆ ಗಿಲಾವು ಮತ್ತು ಬಣ್ಣ. ಹಬ್ಬಕ್ಕೋ ಮದುವೆಗೋ ಮುಗಿಯಬೇಕೆಂಬ ಅವಸರದಲ್ಲಿ ಮೂರನೆಯ ಹಂತವನ್ನು ಹಾರಿಸುವುದೇ ನಮ್ಮಲ್ಲಿ ರೂಢಿ. ಅವಸರವಿದ್ದರೆ ಆ ಗೋಡೆಗೆ ಸದ್ಯಕ್ಕೆ ಬರೀ ಸುಣ್ಣ ಬಳಿಸಿ, ಅದು ಗೋಡೆಯನ್ನು ಆರಲು ಬಿಡುತ್ತದೆ. ಒದ್ದೆ ಗೋಡೆಗೆ ಪ್ಲಾಸ್ಟಿಕ್ಕಿನಂಥ ಎಮಲ್ಷನ್ ಹಚ್ಚಿದರೆ ನೀರು ಹೊರಬರಲಾರದೆ ಬಣ್ಣವನ್ನೇ ಗುಳ್ಳೆಯಾಗಿ ಎಬ್ಬಿಸುತ್ತದೆ.

ಗುತ್ತಿಗೆದಾರರು ಗ್ಯಾರಂಟಿ ಕೊಟ್ಟರೆ ಯಾವ ಭಾಗಕ್ಕೆ, ಎಷ್ಟು ವರ್ಷಕ್ಕೆ ಎಂಬುದನ್ನು ನಿಮ್ಮ ನಕ್ಷೆಯ ಮೇಲೆಯೇ ಬರೆಸಿ ಸಹಿ ಹಾಕಿಸಿಕೊಳ್ಳಿ, ಮತ್ತು ಕೊನೆಯ ಕಂತನ್ನು ಒಂದು ಜೋರು ಮಳೆ ಬಿದ್ದು ಗೋಡೆಯ ಮೇಲಿನ ಸೀಸದ ಗೆರೆಯನ್ನು ಇಬ್ಬರೂ ನಿಂತು ನೋಡುವವರೆಗೆ ಹಿಡಿದಿಟ್ಟುಕೊಳ್ಳಿ.